ಯಾರೂ ಆರಿಸದ ಟಗರಿಗೆ ಮೊದಲ ಬಹುಮಾನ

ಉಣ್ಣೆ ಖರೀದಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಕಳೆದಿದ್ದರೂ ನಾನು ಒಂದು ಕುರಿಯನ್ನೂ ಮುಟ್ಟಿರಲಿಲ್ಲ. ಹೇಳಿದರೆ ಈಗ ಯಾರೂ ನಂಬುವುದಿಲ್ಲ. ಆದರೆ ನನ್ನ ಮುಂದೆ ಬಂದು ಬೀಳುತ್ತಿದ್ದದ್ದು ಕುರಿಯಲ್ಲ, ಚೀಲ. ಎಂಬತ್ತರ ದಶಕದ ನಡುವಿನ ಮಾತು ಇದು. ನವಲಗುಂದದಲ್ಲಿ ಹಿಂದೆ ಹತ್ತಿ ತುಂಬುತ್ತಿದ್ದ ಒಂದು ಗೋದಾಮೇ ನಮ್ಮ ಕೇಂದ್ರ. ಕುರಿಗಾರರು ತಂದ ಚೀಲಗಳನ್ನು ಉದ್ದನೆಯ ಮೇಜಿನ ಮೇಲೆ ಸುರಿದು, ಕರಿಯದು ಒಂದು ಕಡೆ, ಬಿಳಿಯದು ಒಂದು ಕಡೆ, ಉದ್ದ ಎಳೆ, ಗಿಡ್ಡ ಎಳೆ, ಉತ್ತರಾಣಿ ಬೀಜ ಅಂಟಿಕೊಂಡದ್ದು ಎಂದು ಬೇರೆ ಮಾಡುವುದು ನನ್ನ ಕೆಲಸ. ಉದ್ದನೆಯ ಬಿಳಿ ಉಣ್ಣೆ ದೂರದ ಗಿರಣಿಗಳಿಗೆ, ರತ್ನಗಂಬಳಿಯ ನೂಲಿಗೆ ಹೋಗುತ್ತಿತ್ತು. ಕರಿಯದು ಕಂಬಳಿ ನೇಯುವವರಿಗೆ. ಮೆತ್ತನೆಯ ಉಣ್ಣೆ ಬಂದರೆ ಅದು ಸ್ವೆಟರಿನ ನೂಲಿಗೆ ಎಂದು ಬೇರೆ ಕಟ್ಟಿಡುತ್ತಿದ್ದೆ, ಆದರೆ ಅದು ಬರುತ್ತಿದ್ದದ್ದೇ ಅಪರೂಪ.

ನಮ್ಮದು ಅಣ್ಣಿಗೇರಿಯಲ್ಲಿ ಹೊಲ, ಕಾಳಿನ ವ್ಯಾಪಾರ ಇದ್ದ ಮನೆ. ಬೆಳಿಗ್ಗೆ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಬರುವಾಗ ಬಸ್ಸಿನಲ್ಲಿ ನನ್ನ ಬಾಜೂಕ ಯಾರೂ ಕೂರುತ್ತಿರಲಿಲ್ಲ. ಮನೆಯಲ್ಲಿ ಅವ್ವ ಬಾಗಿಲಲ್ಲೇ ತಡೆಯುತ್ತಿದ್ದಳು. "ಮೊದಲ ಜಳಕಾ ಮಾಡು. ಆಮ್ಯಾಲ ಒಳಗ ಬಾ." ಅದೇ ಮನೆಯ ದೇವರ ಕೋಣೆಯಲ್ಲಿ ಸ್ವಾಮಿಗಳು ಬಂದರೆ ಹಾಸಲೆಂದು ಕರಿ ಕಂಬಳಿಯೊಂದನ್ನು ಮಡಚಿಟ್ಟಿದ್ದಳು.

"ಅವ್ವಾ, ಅದೂ ಕುರೀದ ಅಲ್ಲೇನು?" ಎಂದು ಕೇಳಿದೆ ಒಮ್ಮೆ.

"ಅದು ಕಂಬಳಿ. ನೀ ತಂದಿದ್ದು ನಾತ" ಎಂದಳು.

ಆ ವರ್ಷ ಶಿವರಾತ್ರಿಗೆ ಸ್ವಲ್ಪ ಮುಂಚೆ ತಾಲೂಕಿನ ಕುರಿ ಪ್ರದರ್ಶನ ಇತ್ತು. ಅದನ್ನು ನಡೆಸುತ್ತಿದ್ದವರು ದನದ ದವಾಖಾನೆಯ ಡಾಕ್ಟರರು. ನಿರ್ಣಾಯಕರಾಗಿ ಗಿರಣಿಯವರೊಬ್ಬರು ಬರಬೇಕಿತ್ತು. ಎರಡು ದಿನ ಮುಂಚೆ ಬರುವುದಿಲ್ಲ ಎಂದು ತಿಳಿಸಿದರು. ಡಾಕ್ಟರರು ನೇರವಾಗಿ ನಮ್ಮ ಗೋದಾಮಿಗೆ ಬಂದರು.

"ನೀವ ಬರ್ರಿ" ಎಂದರು.

"ನನಗ ಕುರಿ ಗೊತ್ತಿಲ್ರಿ ಸರ್."

"ಕುರಿ ನಾ ನೋಡ್ತೀನಿ. ಉಣ್ಣಿ ನೀವು ನೋಡ್ರಿ. ಕಂಬಳಿ ನೇಯೋರೊಬ್ಬರು ಮೊರಬದಿಂದ ಬರ್ತಾರ. ಮೂರು ಮಂದಿ ಆದ್ವಿ, ಮುಗೀತು."

ಪ್ರದರ್ಶನದ ದಿನ ಸಂತೆ ಮೈದಾನದಲ್ಲಿ ಎರಡು ಸಾಲಾಗಿ ಗೂಟ ಹೊಡೆದು ಟಗರುಗಳನ್ನು ಕಟ್ಟಿದ್ದರು. ಒಂದೊಂದರ ಕೊರಳಿಗೂ ರಟ್ಟಿನ ನಂಬರು. ಅಷ್ಟು ದಿನ ಚೀಲದಲ್ಲಿ ಕಂಡಿದ್ದ ಉಣ್ಣೆ ಅಲ್ಲಿ ಉಸಿರಾಡುತ್ತ, ಕಾಲು ಕೆದರುತ್ತ ನಿಂತಿತ್ತು. ಮಾಲೀಕರು ಕೊಂಬು ಹಿಡಿದುಕೊಂಡ ಮೇಲೆಯೇ ನಾನು ಹತ್ತಿರ ಹೋದೆ. ಅದೂ ಕೈ ಉದ್ದಕ್ಕೆ ಚಾಚಿ. ಪುಸ್ತಕ ಬಿಡಿಸುವಂತೆ ಉಣ್ಣೆಯನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿದೆ. ಹೊರಗೆ ಧೂಳು, ಕಸ, ಬಿಸಿಲಿಗೆ ಕೆಂಪಾದ ತುದಿ. ಒಳಗೆ ಚರ್ಮದ ಹತ್ತಿರ ಹೋದಂತೆ ಬೇರೆಯೇ ಬಣ್ಣ, ಬೇರೆಯೇ ಹೊಳಪು. ಬೆರಳಿಗೆ ಬೆಚ್ಚಗೆ, ಜಿಡ್ಡು ಜಿಡ್ಡಾಗಿ ಹತ್ತುತ್ತಿತ್ತು. ಆಮೇಲೆ ನನಗೆ ಹೆದರಿಕೆ ಮರೆತೇ ಹೋಯಿತು. ಮುಂದಿನದರೊಳಗೆ ಏನಿದೆ, ಅದರ ಮುಂದಿನದರೊಳಗೆ ಏನಿದೆ ಎಂದು ನೋಡುತ್ತ ಸಾಲಿನುದ್ದಕ್ಕೂ ಹೋದೆ.

ನಾವು ಮೂವರೂ ನೋಡುತ್ತಿದ್ದ ರೀತಿಯೇ ಬೇರೆ. ಡಾಕ್ಟರರು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು, ಬೆನ್ನ ಮೇಲೆ ಅಂಗೈ ಒತ್ತುತ್ತಿದ್ದರು, ಉಣ್ಣೆ ಎಷ್ಟು ಸಣ್ಣ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ನಾನು ನಾಲ್ಕು ಎಳೆ ಕಿತ್ತು ಕರಿ ಬಟ್ಟೆಯ ಮೇಲಿಟ್ಟು ಅಳತೆಪಟ್ಟಿ ಹಿಡಿಯುತ್ತಿದ್ದೆ. ನೇಕಾರ ಕಾಕಾ ಅರವತ್ತು ದಾಟಿದವರು. ಅವರು ಏನನ್ನೂ ಅಳೆಯಲಿಲ್ಲ. ಒಂದು ಚಿಟಿಕೆ ಉಣ್ಣೆಯನ್ನು ಎಂಜಲು ಹಚ್ಚಿದ ಬೆರಳಿನಿಂದ ಹೊಸೆದು, ಕಿವಿಯ ಹತ್ತಿರ ಹಿಡಿದು ಪಟ್ಟನೆ ಹರಿಯುತ್ತಿದ್ದರು.

"ಏನ್ ಕೇಳತೈತ್ರಿ ಕಾಕಾರ?" ಎಂದೆ.

"ಗಟ್ಟಿ ಇದ್ರ ಸಪ್ಪಳಾ ಮಾಡತೈತಿ ತಂಗಿ. ಸಪ್ಪಳಾ ಮಾಡ್ಲಾರದ್ದು ಮಳ್ಯಾಗ ನಿಲ್ಲೂದಿಲ್ಲ."

ನಾನೂ ಕಿವಿಗೆ ಹಿಡಿದು ನೋಡಿದೆ. ನನಗೇನೂ ಕೇಳಲಿಲ್ಲ.

ಒಂದೊಂದು ಟಗರಿಗೂ ನಮ್ಮಲ್ಲಿ ಪ್ರತಿಯೊಬ್ಬರೂ ಐವತ್ತರೊಳಗೆ ಅಂಕ ಹಾಕಬೇಕು, ಮೂರನ್ನೂ ಕೂಡಿಸಿ ಹೆಚ್ಚು ಬಂದದ್ದಕ್ಕೆ ಮೊದಲ ಬಹುಮಾನ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಡಾಕ್ಟರರಿಗೆ ಹಿಡಿಸಿದ್ದು ಸರಕಾರಿ ಫಾರ್ಮಿನ ವಿದೇಶಿ ಟಗರಿಗೆ ಹುಟ್ಟಿದ ಬೆರಕೆ ತಳಿಯದು. ಮೆತ್ತನೆಯ ಬಿಳಿ ಉಣ್ಣೆ, ದಪ್ಪ ಮೈ. ನನಗೆ ಹಿಡಿಸಿದ್ದು ಇನ್ನೊಂದು ಬಿಳಿಯದು, ಮೈ ಅಷ್ಟಕ್ಕಷ್ಟೇ, ಆದರೆ ಎಳೆ ಉದ್ದ, ಗಿರಣಿಯವರು ಕಣ್ಣು ಮುಚ್ಚಿ ಒಯ್ಯುವಂಥದು. ಕಾಕಾರಿಗೆ ಹಿಡಿಸಿದ್ದು ಅಗದಿ ಕರಿಯದು, ಒಂದು ಕೊಂಬು ಸೊಟ್ಟಗಿದ್ದದ್ದು, ಗುದ್ದಲು ಬರುತ್ತಿದ್ದದ್ದು. ಇದೆಲ್ಲ ನಮಗೆ ಆಮೇಲೆ ಗೊತ್ತಾಯಿತು. ಡಾಕ್ಟರರು ನಲವತ್ತೆಂಟು ಕೊಟ್ಟದ್ದಕ್ಕೆ ಕಾಕಾ ಹತ್ತು ಕೊಟ್ಟಿದ್ದರು. ಕಾಕಾ ಪೂರ್ತಿ ಐವತ್ತು ಕೊಟ್ಟ ಕರಿಯದಕ್ಕೆ ಡಾಕ್ಟರರು ಹನ್ನೆರಡು ಹಾಕಿದ್ದರು.

ಹೀಗೆ ಒಬ್ಬರು ಎತ್ತಿದ್ದನ್ನು ಇನ್ನೊಬ್ಬರು ಕೆಡವಿ, ಕೊನೆಗೆ ಕೂಡಿಸಿದಾಗ ಮೇಲೆ ಬಂದದ್ದು ಹದಿನೇಳನೇ ನಂಬರು. ಬೂದುಬಣ್ಣದ ಮೈ, ಹಣೆಯ ಮೇಲೆ ಬಿಳಿ ಮಚ್ಚೆ. ಮೂವರೂ ಅದಕ್ಕೆ ಮೂವತ್ತರ ಆಚೀಚೆ ಹಾಕಿ ಮರೆತುಬಿಟ್ಟಿದ್ದೆವು.

ನಂಬರು ಕೂಗಿದಾಗ ಮೈದಾನದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಲೀಕ ಅಲ್ಲಿರಲೇ ಇಲ್ಲ, ಚಹಾದಂಗಡಿಯಿಂದ ಹುಡುಕಿ ಕರೆತರಬೇಕಾಯಿತು. ತಿರ್ಲಾಪುರದ ಕುರಿಗಾರ, ನಲವತ್ತರ ಹತ್ತಿರದ ಮನುಷ್ಯ, ತಲೆಗೆ ಕೆಂಪು ರುಮಾಲು. ಬಹುಮಾನದ ಹಿತ್ತಾಳೆ ಕೊಡ ಕೈಗೆ ಬಂದಾಗ ಅವನು ಮೊದಲು ತನ್ನ ಟಗರನ್ನು ನೋಡಿದ, ಆಮೇಲೆ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದ.

ಕಾಕಾ ನನ್ನ ಕಡೆ ಬಾಗಿ ಕೇಳಿದರು. "ತಂಗಿ, ಇದಕ್ಕ ನೀ ಮೊದಲನೇ ನಂಬರ ಹಾಕಿದೇನು?"

"ಇಲ್ರಿ ಕಾಕಾರ. ನೀವು ಹಾಕೀರಿ ಅನ್ಕೊಂಡೆ."

"ನಾ ಯಾಕ ಹಾಕ್ಲಿ?"

ಇಬ್ಬರೂ ಡಾಕ್ಟರರತ್ತ ತಿರುಗಿದೆವು. ಅವರೂ ನಮ್ಮನ್ನೇ ನೋಡುತ್ತಿದ್ದರು.

ಮೂರು ದಿನ ಬಿಟ್ಟು ಆ ಕುರಿಗಾರ ಕೇಂದ್ರಕ್ಕೆ ಬಂದ. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಬಹುಮಾನ ಬಂದವನು ಜಗಳಕ್ಕೆ ಯಾಕೆ ಬರುತ್ತಾನೆ ಎಂದೂ ಅನಿಸಿತು. ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಹತ್ತಿರವೇ ನಿಂತ.

"ಅಕ್ಕಾರ, ಒಂದು ಮಾತು ಕೇಳಬೇಕಾಗಿತ್ರಿ. ಆ ಟಗರಿನಾಗ ನೀವು ಏನ್ ಕಂಡ್ರಿ?"

ನಾನು ಕೈಯಲ್ಲಿದ್ದ ಉಣ್ಣೆಯನ್ನು ಮೇಜಿನ ಮೇಲಿಟ್ಟೆ.

"ನನ್ನ ಛಲೋ ಟಗರ ಕಾಲು ಕುಂಟಾಕತ್ತಿತ್ರಿ. ಅದಕ್ಕ ಇದನ್ನ ಹೊಡಕೊಂಡು ಬಂದೆ, ಬರೇ ನಂಬರ ತುಂಬಾಕ. ಇದರ ಬೀಜಾ ಒಡಸಬೇಕಂತ ಮಾಡಿದ್ದೆ. ಈಗ ನೋಡ್ರಿ, ಐದು ಮಂದಿ ಬಂದಾರ, ನಮ್ಮ ಕುರಿಗೋಳಿಗೆ ಇದನ್ನ ಬಿಡು ಅಂತಾರ. ಇದರ ಗುಣ ಏನು ಅಂತ ಕೇಳ್ತಾರ. ನನಗ ಗೊತ್ತಿಲ್ಲ. ನಿಮಗ ಗೊತ್ತಿರಬೇಕಲ್ರಿ?"

ಅವನ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ವರ್ಷಗಟ್ಟಲೆ ಕುರಿಯ ಜೊತೆ ಬದುಕಿದವನು ತನ್ನ ಕಣ್ಣಿಗೆ ಬೀಳದ ಏನೋ ಒಂದು ನಮ್ಮ ಕಣ್ಣಿಗೆ ಬಿದ್ದಿದೆ ಎಂದು ನಿಜವಾಗಿಯೂ ನಂಬಿ, ಅದನ್ನು ತಿಳಿದುಕೊಳ್ಳಲು ಬಂದಿದ್ದ. ಕೂಡಿಸುವ ಲೆಕ್ಕದಲ್ಲಿ ಹಾಗಾಯಿತು ಎಂದು ಅಲ್ಲೇ ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಅದರ ಜೊತೆಗೆ ನನಗೂ ಒಂದು ಕುತೂಹಲ ಹುಟ್ಟಿತ್ತು. ಮೂವರು ಮೂರು ರೀತಿ ನೋಡಿದವರು ಒಂದೇ ಟಗರಿಗೆ ಹೆಚ್ಚುಕಡಿಮೆ ಒಂದೇ ಅಂಕ ಯಾಕೆ ಕೊಟ್ಟೆವು? ಅದರ ಮೈಮೇಲೆ ಏನೋ ಇರಲೇಬೇಕಲ್ಲ?

"ಉಣ್ಣಿ ಕತ್ತರಸೋ ದಿನ ಹೇಳ್ರಿ. ನಾ ಬರ್ತೀನಿ" ಎಂದೆ.

ಮುಂದಿನ ಭಾನುವಾರ ಕಾಕಾರನ್ನೂ ಕರೆದುಕೊಂಡು ತಿರ್ಲಾಪುರಕ್ಕೆ ಹೋದೆ. ಬಸ್ಸಿಳಿದು ಜೋಳ ಕೊಯ್ದ ಹೊಲಗಳಲ್ಲಿ ಕೂಳೆ ತುಳಿಯುತ್ತ ಒಂದು ಮೈಲಿ ನಡೆದೆವು. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಕುರಿಗಾರನ ಹೆಂಡತಿ ಜಾಲಿ ಗಿಡದ ನೆರಳಿನಲ್ಲಿ ರಾಟಿ ಇಟ್ಟುಕೊಂಡು ನೂಲುತ್ತಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ನನ್ನ ಸೀರೆ, ಚಪ್ಪಲಿ, ಹೆಗಲ ಚೀಲ ಎಲ್ಲವನ್ನೂ ಒಮ್ಮೆ ನೋಡಿ, "ಇವರೇನು ನಂಬರ ಹಾಕಿದೋರು?" ಎಂದು ಗಂಡನನ್ನು ಕೇಳಿದಳು.

ಹದಿನೇಳನೇ ನಂಬರನ್ನು ಮಗ್ಗುಲಿಗೆ ಕೆಡವಿ ಕಾಲು ಕಟ್ಟಿದರು. "ತಲಿ ಹಿಡೀರಿ ಅಕ್ಕಾರ" ಎಂದ ಕುರಿಗಾರ. ನಾನು ಮಣ್ಣಿನಲ್ಲಿ ಕೂತು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದು ಒಮ್ಮೆ ಕೊಸರಿ ಸುಮ್ಮನಾಯಿತು. ಅದರ ಕಿವಿ ನನ್ನ ಅಂಗೈಯಲ್ಲಿ ಬಿಸಿಯಾಗಿತ್ತು. ಅವನು ಕತ್ತರಿ ಆಡಿಸುತ್ತ ಹೋದಂತೆ ಕಾಕಾ ಭುಜದ ಉಣ್ಣೆ ಒಂದು ಗುಡ್ಡೆ, ಪಕ್ಕೆಯದು ಒಂದು, ತೊಡೆಯದು ಒಂದು ಎಂದು ನಾನು ಹೇಳಿದ ಹಾಗೆ ಬೇರೆ ಬೇರೆ ಇಟ್ಟರು. ಮೂರರಿಂದಲೂ ಒಂದೊಂದು ಹಿಡಿ ತೆಗೆದು ಕೂಡಿಸಿ ಕುರಿಗಾರನ ಹೆಂಡತಿಯ ಕೈಗೆ ಕೊಟ್ಟೆ. "ಇದನ್ನ ನೂತು ತೋರಸ್ರಿ" ಎಂದೆ. ಅವಳು ನಮ್ಮ ಕಡೆ ಬೆನ್ನು ಮಾಡಿ ರಾಟಿಯ ಮುಂದೆ ಕೂತವಳು, ಟಗರಿನ ಕಡೆ ನೋಡಿರಲಿಲ್ಲ.

ಉಣ್ಣೆ ಹಿಂಜಿ, ಹಂಜಿ ಮಾಡಿ ರಾಟಿ ತಿರುಗಿಸಿದಳು. ನೂಲು ಮೊದಲು ಸಣ್ಣಗೆ ಬಂತು, ಆಮೇಲೆ ದಪ್ಪಗಾಯಿತು, ಆಮೇಲೆ ಹರಿಯಿತು. ಜೋಡಿಸಿದಳು. ಮತ್ತೆ ಹರಿಯಿತು. ಮೂರನೇ ಸಲ ಹರಿದಾಗ ರಾಟಿ ನಿಲ್ಲಿಸಿದಳು.

"ಅಕ್ಕಾರ, ನನ್ನ ಪರೀಕ್ಷಾ ಮಾಡಾಕತ್ತೀರೇನು? ಇದು ಮೂರು ಕುರಿ ಉಣ್ಣಿ. ಕೂಡಿಸಿ ಕೊಟ್ಟೀರಿ."

"ಇಲ್ರಿ, ಒಂದ ಟಗರಿಂದು."

"ಸುಳ್ಳು."

ಎದ್ದು ಬಂದಳು. ಟಗರಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು, ಇನ್ನೂ ಕತ್ತರಿಸದೆ ಉಳಿದ ಮಗ್ಗುಲಿನ ಉಣ್ಣೆಯನ್ನು ಬಿಡಿಸಿ ನೋಡಿದಳು. ಭುಜ, ಪಕ್ಕೆ, ತೊಡೆ. ಜೋರಾಗಿ ನಕ್ಕುಬಿಟ್ಟಳು. "ಇದ್ಯಾಂವ ದೇವ್ರು ತುಂಡ ತುಂಡ ಕೂಡಿಸ್ಯಾನ ನೋಡ್ರಿ ಇದನ್ನ."

ಕಾಕಾ ಮೂರೂ ಗುಡ್ಡೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದರು. "ಭುಜದ್ದು ಸ್ವೆಟರಿಗೆ ಆಗತೈತಿ. ಪಕ್ಕಡೀದು ನಿನ್ನ ಗಿರಣಿಗಿ. ತೊಡೀದು ನನ್ನ ಕಂಬಳಿಗಿ. ಡಾಕ್ಟರ ಭುಜಾ ನೋಡಿದ್ರು, ನೀ ಪಕ್ಕಡಿ ನೋಡಿದಿ, ನಾ ತೊಡಿ ನೋಡಿದೆ. ಮೂವರಿಗೂ ಅಡ್ಡಿಲ್ಲ ಅನಿಸ್ತು."

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಇನ್ನು ಕುರಿಗಾರನಿಗೆ ಉತ್ತರ ಕೊಡಬೇಕಿತ್ತು. ಅಂಕಗಳನ್ನು ಹೇಗೆ ಕೂಡಿಸಿದೆವು, ಯಾವುದಕ್ಕೆ ಯಾರು ಎಷ್ಟು ಹಾಕಿದ್ದರು ಎಲ್ಲ ಬಿಡಿಸಿ ಹೇಳಿದೆ. ಅವನು ಕತ್ತರಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ.

"ಅಂದ್ರ, ನಿಮಗ್ಯಾರಿಗೂ ಇದು ಬೇಕಾಗಿರ್ಲಿಲ್ಲ."

"ಹೌದ್ರಿ."

"ನನಗೂ ಬೇಕಾಗಿರ್ಲಿಲ್ಲ."

ನಂತರ ಅವನು ಕೇಳಿದ್ದು ನನಗೆ ಈಗಲೂ ಹಾಗೇ ನೆನಪಿದೆ. "ನಂಬರ ಹಾಕೂಕ್ಕಿಂತ ಮೊದಲ ಒಂದು ಮಾತು ಕೇಳಬಾರದಾಗಿತ್ತೇನ್ರಿ, ಯಾವುದಕ್ಕ ಅಂತ ತಂದೀಯಪಾ ಇದನ್ನ ಅಂತ?"

ಎರಡು ವರ್ಷ ಮೇಜಿನ ಮುಂದೆ ನಿಂತು, ಇದು ಗಿರಣಿಗೆ, ಇದು ಮಗ್ಗಕ್ಕೆ ಎಂದು ದಿನಾ ಬೇರೆ ಮಾಡುತ್ತಿದ್ದವಳು ನಾನು. ಕುರಿಯ ಮುಂದೆ ನಿಂತಾಗ ಮಾತ್ರ ಆ ಮಾತು ನನಗೆ ಹೊಳೆದಿರಲಿಲ್ಲ.

ಅವನು ಆ ಟಗರನ್ನು ಯಾರ ಕುರಿಗೂ ಬಿಡಲಿಲ್ಲ. ಕೇಳಲು ಬಂದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಲ್ವರು ಒಪ್ಪಿಕೊಂಡರು. ಐದನೆಯವನು ಮಾತ್ರ, ಒಳ್ಳೆ ತಳಿಯನ್ನು ತಾನೊಬ್ಬನೇ ಇಟ್ಟುಕೊಳ್ಳಲು ಕತೆ ಕಟ್ಟುತ್ತಿದ್ದಾನೆ ಎಂದು ಸಿಟ್ಟಾಗಿ ಬಹಳ ದಿನ ಮಾತು ಬಿಟ್ಟಿದ್ದನಂತೆ. ಕುರಿಗಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿತ್ತಾಳೆ ಕೊಡವನ್ನು ಹೊತ್ತುಕೊಂಡು ದನದ ದವಾಖಾನೆಗೆ ಹೋಗಿ ಮೇಜಿನ ಮೇಲಿಟ್ಟು, "ತಗೋರಿ ಸಾಹೇಬ್ರ, ಇದು ನಂದಲ್ಲ" ಎಂದಿದ್ದ. ಕೊಟ್ಟ ಬಹುಮಾನ ವಾಪಸು ತೆಗೆದುಕೊಳ್ಳಲು ಯಾವ ಕಾಗದದಲ್ಲೂ ಅವಕಾಶ ಇಲ್ಲ ಎಂದು ಡಾಕ್ಟರರು ಅವನನ್ನು ಕೊಡದ ಸಮೇತ ಕಳಿಸಿ, ನನ್ನನ್ನು ಕರೆಸಿದರು.

"ನೀವು ಹೋಗಿ ಅವಗ ಏನ್ ಹೇಳಿದ್ರಿ?" ಕಂಪೌಂಡರನ ಮುಂದೆಯೇ ಜೋರು ದನಿಯಲ್ಲಿ ಕೇಳಿದರು. "ನಾಳೆ ಎಲ್ಲಾರೂ ಬಂದು ನಂಬರ ತಪ್ಪು ಅಂದ್ರ ನಾ ಏನ್ ಮಾಡ್ಲಿ?"

ಕಾಯಂ ಆಗಿರದ ನೌಕರಿ ನನ್ನದು. ಚೀಲದಿಂದ ಮೂರು ಪುಟ್ಟ ನೂಲಿನ ಉಂಡೆ ತೆಗೆದು ಅವರ ಮುಂದಿಟ್ಟೆ. ಕುರಿಗಾರನ ಹೆಂಡತಿ ಮೂರೂ ಗುಡ್ಡೆಗಳನ್ನು ಬೇರೆ ಬೇರೆ ನೂತು ಕೊಟ್ಟಿದ್ದಳು. "ಇವು ಒಂದ ಟಗರಿಂದು ಸರ್" ಎಂದೆ.

ಅವರು ಒಂದನ್ನು ಎತ್ತಿಕೊಂಡರು. ಇನ್ನೊಂದನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಸಿಟ್ಟು ಎಲ್ಲಿ ಹೋಯಿತೋ. ಕಿಟಕಿಯ ಹತ್ತಿರ ಹೋಗಿ ತೊಡೆಯ ಉಣ್ಣೆಯ ನೂಲನ್ನು ಉಗುರಿನಿಂದ ಬಿಡಿಸಿ ನೋಡುತ್ತ ಬಹಳ ಹೊತ್ತು ನಿಂತರು.

"ನಾ ಓದಿದ್ದೆಲ್ಲಾ ಉಣ್ಣಿ ಸಣ್ಣ ಮಾಡೋದು ಹ್ಯಾಂಗ ಅಂತ" ಎಂದರು. "ಮೆತ್ತಗಿದ್ರ ಒಳ್ಳೇದು ಅಂತ. ಕಂಬಳಿಗೆ ಒರಟು ಕೂದಲ ಯಾಕ ಬೇಕು?"

"ನನಗೂ ಗೊತ್ತಿಲ್ರಿ."

"ಕೇಳೂಣು ನಡೀರಿ."

ಮರುದಿನವೇ ಅವರ ಮೋಟಾರ್ ಸೈಕಲ್ಲು ಮೊರಬಕ್ಕೆ ಹೋಯಿತು, ನಾನು ಬಸ್ಸಿನಲ್ಲಿ ಹಿಂದೆ ಹೋದೆ. ಕಾಕಾರ ಮನೆಯ ಅಂಗಳದಲ್ಲಿ ಹುಣಸೆ ಬೀಜ ಅರೆದು ಕುದಿಸಿದ ಗಂಜಿಯ ವಾಸನೆ. ನೂಲಿಗೆ ಅದನ್ನು ಬಳಿದು ಬಿಸಿಲಿಗೆ ಎಳೆದು ಕಟ್ಟಿದ್ದರು. ಪ್ರಶ್ನೆ ಕೇಳಿದ ಡಾಕ್ಟರರಿಗೆ ಕಾಕಾ ಬಾಯಿಂದ ಉತ್ತರ ಕೊಡಲಿಲ್ಲ. ಒಂದು ಕರಿ ಕಂಬಳಿ ತಂದು ನಾಲ್ಕು ಮೂಲೆಗಳನ್ನು ನಾಲ್ಕು ಕಂಬಕ್ಕೆ ಕಟ್ಟಿಸಿ, ನಡುವೆ ಒಂದು ಕೊಡ ನೀರು ಸುರಿಸಿದರು. ಕಂಬಳಿ ಹೊಟ್ಟೆ ಬಿಟ್ಟುಕೊಂಡು ನೀರು ಹೊತ್ತು ನಿಂತಿತು. ಡಾಕ್ಟರರು ಕೆಳಗೆ ಬಗ್ಗಿ ಅಂಗೈ ಚಾಚಿ ಕಾದರು. ಏನೂ ಬೀಳಲಿಲ್ಲ. ಕಾಕಾರ ಮನೆಯವರು ಚಹಾ ತಂದರು, ಚಹಾ ಮುಗಿಯಿತು, ಆಗ ಒಂದು ಹನಿ ಬಿತ್ತು. ಬಳಿಕ ಡಾಕ್ಟರರೇ ತಾವು ತೊಟ್ಟಿದ್ದ ಸ್ವೆಟರನ್ನು ಬಿಚ್ಚಿ, "ಇದನ್ನ ಕಟ್ರಿ" ಎಂದರು. ಕೆಳಗೆ ಬಗ್ಗುವಷ್ಟರಲ್ಲಿ ಅವರ ಮುಖವೆಲ್ಲ ಒದ್ದೆ.

"ಒರಟು ಕೂದಲಾ ನೀರು ಜಾರಸತೈತ್ರಿ ಸಾಹೇಬ್ರ" ಎಂದರು ಕಾಕಾ ಆಗ. "ನಿಮ್ಮ ಮೆತ್ತಂದು ಚಳಿಗೆ ಛಲೋ. ಹೊಲದಾಗ ಮಳಿ ಬಂದ್ರ ನಿಮ್ಮನ್ನ ಅದು ಕಾಯೂದಿಲ್ಲ."

ಒದ್ದೆ ಸ್ವೆಟರನ್ನು ಹಿಂಡುತ್ತ ಡಾಕ್ಟರರು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವರ್ಷದ ಪ್ರದರ್ಶನದಲ್ಲಿ ಟಗರುಗಳನ್ನು ಮೂರು ಸಾಲಿನಲ್ಲಿ ಕಟ್ಟಿದರು. ಕಂಬಳಿಗೆ ಒಂದು ಸಾಲು, ರತ್ನಗಂಬಳಿಗೆ ಒಂದು, ಮೆತ್ತನೆಯ ನೂಲಿಗೆ ಒಂದು. ಯಾವುದರಲ್ಲಿ ಕಟ್ಟಬೇಕೆಂದು ಮಾಲೀಕನೇ ಹೇಳಬೇಕು. ಮೆತ್ತನೆಯ ನೂಲಿನ ಸಾಲಿಗೆ ಎರಡೇ ಟಗರು ಬಂದವು, ಕಂಬಳಿಯ ಸಾಲು ಮೈದಾನ ದಾಟಿ ರಸ್ತೆಗೆ ಬಂತು. ಆ ವರ್ಷ ಕಾಕಾರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು, ಬರುವಂತಿರಲಿಲ್ಲ. ಕಂಬಳಿಯ ಸಾಲಿಗೆ ಯಾರು ಎಂಬ ಮಾತು ಬಂದಾಗ ನಾನು ತಿರ್ಲಾಪುರದ ಆ ಹೆಣ್ಣುಮಗಳ ಹೆಸರು ಹೇಳಿದೆ. ಹೆಂಗಸು ಟಗರು ನೋಡುವುದೇ ಎಂದು ಕೆಲವರು ಗೊಣಗಿದರು. ನಾನೂ ಹೆಂಗಸೇ ಎಂಬುದು ಅವರಿಗೆ ನೆನಪಾದಂತೆ ಕಾಣಲಿಲ್ಲ, ನೌಕರಿಯವಳೆಂದು ನನ್ನನ್ನು ಆ ಲೆಕ್ಕದಿಂದ ಬಿಟ್ಟಿದ್ದರೋ ಏನೋ. ಡಾಕ್ಟರರು ಮಾತ್ರ, "ಬರಲಿ" ಎಂದರು.

ಅವಳು ಒಂದು ಷರತ್ತು ಹಾಕಿದಳು. ತಾನು ಮೈದಾನಕ್ಕೆ ಕಾಲಿಡುವುದಿಲ್ಲ, ಯಾವ ಟಗರು ಯಾರದು ಎಂದು ತನಗೆ ಗೊತ್ತಾಗಬಾರದು. ಹಾಗಾಗಿ ಹತ್ತಿರದ ಶಾಲೆಯ ಕಟ್ಟೆಯ ಮೇಲೆ ಕೂತಳು. ಒಂದೊಂದು ಟಗರಿನಿಂದಲೂ ಭುಜ, ಪಕ್ಕೆ, ತೊಡೆಯ ಉಣ್ಣೆ ಕತ್ತರಿಸಿ, ಕಾಗದದಲ್ಲಿ ಸುತ್ತಿ ನಂಬರು ಬರೆದು ನಾನು ಒಯ್ದು ಕೊಡುತ್ತಿದ್ದೆ. ಅವಳು ಅಕ್ಷರ ಕಲಿತವಳಲ್ಲ. ಕಾಗದಗಳನ್ನೇ ಕಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತ, ಒಂದನ್ನು ಎತ್ತಿ ಮುಂದಿಡುತ್ತ, ಇನ್ನೊಂದನ್ನು ಹಿಂದೆ ಸರಿಸುತ್ತ ಮಧ್ಯಾಹ್ನದ ತನಕ ಕೂತಿದ್ದಳು. ಊಟಕ್ಕೆ ಕರೆದರೂ ಏಳಲಿಲ್ಲ. ಒಂದೆರಡು ಕಡೆ ನಾನು, "ಇದು ಅದಕ್ಕಿಂತ ಉದ್ದ ಐತೆಲ್ರಿ" ಎಂದೆ. "ಉದ್ದ ತಗೊಂಡು ಏನ್ ಮಾಡ್ಲಿ? ಮುಟ್ಟಿ ನೋಡ್ರಿ, ಜೀವಾ ಇಲ್ಲ ಅದರಾಗ" ಎಂದಳು. ಮುಟ್ಟಿ ನೋಡಿದೆ. ಅವಳು ಹೇಳಿದ್ದು ಬೆರಳಿಗೆ ತಿಳಿದಂತೆಯೂ ಇತ್ತು, ತಿಳಿಯದಂತೆಯೂ ಇತ್ತು.

ಅವಳ ಗಂಡ ಈ ಸಲ ತನ್ನ ಒಳ್ಳೆಯ ಕರಿ ಟಗರನ್ನೇ ತಂದಿದ್ದ, ಕಾಲು ನೆಟ್ಟಗಿತ್ತು. ಹೆಂಡತಿ ಜೋಡಿಸಿದ ಸಾಲಿನಲ್ಲಿ ಅದಕ್ಕೆ ಐದನೇ ಜಾಗ. ಬಹುಮಾನ ಇದ್ದದ್ದು ಮೂರಕ್ಕೆ.

ನಂಬರು ಓದಿ ಮುಗಿಸಿದ ಮೇಲೆ ಅವನು ಶಾಲೆಯ ಕಟ್ಟೆಯ ಹತ್ತಿರ ಬಂದ. ರುಮಾಲು ತೆಗೆದು ಮುಖ ಒರೆಸಿಕೊಂಡ.

"ಮನಿ ಟಗರ ಗೊತ್ತಾಗಲಿಲ್ಲೇನು ನಿನಗ? ದಿನಾ ಅದರದ ಉಣ್ಣಿ ನೂಲ್ತಿ."

ಅವಳು ಸೆರಗಿಗೆ ಹತ್ತಿದ ಉಣ್ಣೆಯನ್ನು ಒಂದೊಂದೇ ಎಳೆಯಾಗಿ ಕಿತ್ತು ತೆಗೆಯುತ್ತಿದ್ದಳು.

"ಗೊತ್ತಾತು. ಮುಟ್ಟಿದ ಕೂಡ್ಲೆ ಗೊತ್ತಾತು."

"ಮತ್ತ?"

"ಮತ್ತೇನು? ಐದನೇದು ಅಂದ್ರ ಐದನೇದು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಊಟ ಇನ್ನೂ ಉಳಿದಿದೆಯೋ, ಎಲ್ಲರೂ ಉಂಡು ಮುಗಿಸಿದರೋ ಎಂದು ಕೇಳಿದಳು.